ಇಂಗ್ಲಿಷಿನ ಮೌನ ‘ಇ’ಯನ್ನು ಪುಟ್ಟ ಮಕ್ಕಳಿಗೆ ಕಲಿಸುವ ಬಗೆ

ಕೆ-ಐ-ಟಿ ಎಂಬ ಮೂರಕ್ಷರವನ್ನು ‘ಕಿಟ್’ ಎಂದು ತಡವರಿಸದೆ ಓದುವ ಮಗು, ಅದರ ಕೊನೆಗೆ ಒಂದು ‘ಇ’ ಸೇರಿದೊಡನೆ ‘ಕಿಟೆ’ ಎನ್ನುತ್ತದೆ. ಬೆಂಗಳೂರಿನ ಕನ್ನಡ ಮನೆಗಳಲ್ಲಿ ಯುಕೆಜಿಯಲ್ಲೋ ಒಂದನೇ ತರಗತಿಯಲ್ಲೋ ಓದುವ ಮಕ್ಕಳಿರುವ ಕಡೆ ಈ ಓದು ಸಾಮಾನ್ಯವಾಗಿ ಕೇಳಿಬರುತ್ತದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿಯೂ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗುವುದರಿಂದ, ಕನ್ನಡದ ಕಾಗುಣಿತವೂ ಇಂಗ್ಲಿಷಿನ ಅಕ್ಷರಮಾಲೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮಗುವಿನ ಮುಂದೆ ಬರುತ್ತವೆ. ಬರೆದ ಅಕ್ಷರವನ್ನೆಲ್ಲ ನುಡಿಯಬೇಕೆಂದು ಕಾಗುಣಿತದಿಂದ ಕಲಿತ ಮಗು ‘ಕಿಟೆ’ ಎಂದರೆ ಅದರ ತರ್ಕದಲ್ಲಿ ದೋಷವೇನೂ ಇಲ್ಲ.

‘ಅದು ಸೈಲೆಂಟ್, ಹೇಳಬಾರದು’ ಎಂದಷ್ಟೇ ತಿದ್ದಿ ಮುಂದಕ್ಕೆ ಹೋದರೆ ಓದು ಆ ಕ್ಷಣಕ್ಕೆ ಸರಿಹೋಗಬಹುದು. ಆದರೆ ಹೇಳಬಾರದ ಅಕ್ಷರವನ್ನು ಬರೆಯುವುದಾದರೂ ಏಕೆ ಎಂಬ ಪ್ರಶ್ನೆ ಮಗುವಿನಲ್ಲಿ ಉಳಿದುಬಿಡುತ್ತದೆ, ಬರೆಯುವ ಸರದಿ ಬಂದಾಗ ಅದು ಆ ‘ಇ’ಯನ್ನು ಕೈಬಿಡುತ್ತದೆ. ಕೊನೆಯ ‘ಇ’ ತಾನು ನುಡಿಯದಿದ್ದರೂ ಹಿಂದಿರುವ ಸ್ವರವನ್ನು ಬದಲಾಯಿಸುತ್ತದೆ ಎಂಬುದನ್ನು ಮಗು ಕಿವಿಯಿಂದ ಕೇಳಿ, ಕೈಯಿಂದ ಮಾಡಿ, ತಾನೇ ಕಂಡುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಆ ಒಂದು ಗುರಿಗಾಗಿ.

ಪಾಠ ಆರಂಭಿಸುವ ಮುನ್ನ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಮಗು ಪ್ಯಾಟ್, ಪಿನ್, ಹಾಟ್, ಕಟ್ ಮುಂತಾದ ಮೂರಕ್ಷರದ ಪದಗಳನ್ನು ಧ್ವನಿಗಳನ್ನು ಕೂಡಿಸಿ ಓದಬಲ್ಲದೆ ಎಂಬುದು ಮೊದಲನೆಯದು. ಅದು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಕೆಲವು ವಾರ ಕಾಯುವುದು ಒಳ್ಳೆಯದು. ಎರಡನೆಯದು, ಅಕ್ಷರದ ಹೆಸರು ಬೇರೆ, ಅದರ ಧ್ವನಿ ಬೇರೆ ಎಂಬ ಅರಿವು. ಕನ್ನಡದ ಮಕ್ಕಳಿಗೆ ಇಲ್ಲೊಂದು ಗಂಟು ಇದೆ: ಇಂಗ್ಲಿಷಿನ ಮೊದಲ ಅಕ್ಷರದ ಹೆಸರು ನಮ್ಮ ‘ಎ’ಯಂತೆ ಕೇಳುತ್ತದೆ, ಆದರೆ ನಮ್ಮ ‘ಎ’ ಧ್ವನಿಯನ್ನು ಕೊಡುವುದು ಇಂಗ್ಲಿಷಿನ ಐದನೆಯ ಅಕ್ಷರ, ಆ ಐದನೆಯದರ ಹೆಸರು ‘ಇ’, ಆದರೆ ‘ಇ’ ಧ್ವನಿಯನ್ನು ಕೊಡುವುದು ‘ಐ’ ಎಂಬ ಹೆಸರಿನ ಅಕ್ಷರ. ಆದ್ದರಿಂದ ಐದು ಸ್ವರಾಕ್ಷರಗಳನ್ನು ಸ್ಲೇಟಿನ ಮೇಲೆ ಬರೆದು, ಒಂದೊಂದನ್ನೂ ತೋರಿಸಿ ‘ಇದರ ಹೆಸರೇನು, ಇದು ಏನೆಂದು ಕೂಗುತ್ತದೆ’ ಎಂದು ಕೇಳಿ, ಉತ್ತರಗಳು ಬೆರೆತುಹೋಗದಷ್ಟು ಅಭ್ಯಾಸವಾದ ಮೇಲೆಯೇ ಮುಂದುವರಿಯಬೇಕು. ಅಕ್ಷರಗಳ ಹೆಸರನ್ನು ಬಾಯಿಪಾಠ ಮಾಡಿಸುವುದನ್ನು ಫೋನಿಕ್ಸ್ (ಅಕ್ಷರಗಳ ಧ್ವನಿಯಿಂದ ಓದು ಕಲಿಸುವ ಪದ್ಧತಿ) ಬೋಧಕರಲ್ಲಿ ಹಲವರು ಹಳೆಯ ಪದ್ಧತಿಯೆಂದು ಬದಿಗಿಡುತ್ತಾರೆ. ಆದರೆ ಈ ಪಾಠದ ಮಟ್ಟಿಗೆ ಅಜ್ಜಿ ಮನೆಯಲ್ಲಿ ಹೇಳಿಕೊಟ್ಟ ಆ ‘ಎ ಬಿ ಸಿ ಡಿ’ಯೇ ಬಂಡವಾಳ, ಏಕೆಂದರೆ ಕೊನೆಗೆ ‘ಇ’ ಬಂದಾಗ ಹಿಂದಿನ ಸ್ವರ ತನ್ನ ಹೆಸರನ್ನೇ ಹೇಳುತ್ತದೆ.

ಇದನ್ನು ಹ್ರಸ್ವ-ದೀರ್ಘವೆಂದು ವಿವರಿಸುವ ಆಸೆ ಕನ್ನಡ ಬಲ್ಲ ಹಿರಿಯರಿಗೆ ಸಹಜವಾಗಿ ಬರುತ್ತದೆ. ‘ಕಿ’ಯ ಮುಂದೆ ದೀರ್ಘದ ಚಿಹ್ನೆ ಬಂದರೆ ‘ಕೀ’ ಆಗುವುದಿಲ್ಲವೇ, ಆ ಚಿಹ್ನೆಗೂ ಸ್ವಂತ ಧ್ವನಿ ಇಲ್ಲವಲ್ಲ ಎಂದು ಹೋಲಿಸಬಹುದು. ಹಿಂದೆ ನಿಂತದ್ದನ್ನು ಮುಂದೆ ಬಂದದ್ದು ಬದಲಿಸಬಲ್ಲದು ಎಂಬಷ್ಟನ್ನು ತೋರಿಸಲು ಈ ಹೋಲಿಕೆ ಸಾಕು. ಅದರಾಚೆಗೆ ಎಳೆದರೆ ಕೆಡುತ್ತದೆ. ಇಂಗ್ಲಿಷ್ ವ್ಯಾಕರಣದ ಪ್ರಕಾರ ಹ್ರಸ್ವವೆನಿಸಿಕೊಳ್ಳುವ ‘ಕ್ಯಾಪ್’, ‘ಹಾಪ್’ ಪದಗಳು ಕನ್ನಡದ ಕಿವಿಗೆ ದೀರ್ಘವಾಗಿಯೇ ಕೇಳುತ್ತವೆ, ಕನ್ನಡದಲ್ಲಿ ಬರೆದರೂ ದೀರ್ಘವೇ ಬರುತ್ತದೆ; ‘ಕಿಟ್’ ಎಂಬುದು ‘ಕೀಟ್’ ಆಗುವ ಬದಲು ‘ಕೈಟ್’ ಆಗುತ್ತದೆ. ಆದ್ದರಿಂದ ಮಗುವಿನ ಮುಂದೆ ಈ ಎರಡು ಮಾತುಗಳನ್ನು ತರದೆ, ‘ಸ್ವರ ತನ್ನ ಹೆಸರು ಹೇಳುತ್ತದೆ’ ಎಂಬ ಒಂದೇ ಮಾತಿನಲ್ಲಿ ನಿಲ್ಲುವುದು ಲೇಸು.

ಮೊದಲ ಹೆಜ್ಜೆಯಲ್ಲಿ ಪುಸ್ತಕವೂ ಬೇಡ, ಪೆನ್ಸಿಲ್ಲೂ ಬೇಡ. ಕನ್ನಡ ಮಾತಿನಲ್ಲಿ ಆಗಲೇ ಸೇರಿಹೋಗಿರುವ ಗೇಟು, ಪೈಪು, ನೋಟು, ಟ್ಯೂಬು, ರೇಟು, ಸೈಟು, ಕೇಕು, ಪ್ಲೇಟು ಮುಂತಾದವುಗಳಿಂದ ತೊಡಗಬಹುದು. ಇವೆಲ್ಲವೂ ಇಂಗ್ಲಿಷಿನಲ್ಲಿ ಮೌನ ‘ಇ’ಯಿಂದ ಕೊನೆಗೊಳ್ಳುವ ಪದಗಳೇ. ಇಲ್ಲಿ ಒಂದು ಎಚ್ಚರ ಬೇಕು. ನಾವು ‘ಗೇಟು’ ಎಂದು ಕೊನೆಗೆ ಉಕಾರ ಸೇರಿಸಿ ಹೇಳುವುದನ್ನು ಕೇಳಿದ ಮಗು, ಪದದ ತುದಿಯಲ್ಲಿರುವ ‘ಇ’ ಆ ಉಕಾರಕ್ಕಾಗಿಯೇ ಇದೆ ಎಂದು ತಿಳಿಯಬಹುದು. ಹಾಗಾಗಿ ಇಂಗ್ಲಿಷಿನಲ್ಲಿ ಹೇಳುವಾಗ ‘ಗೇಟ್’, ‘ಪೈಪ್’ ಎಂದು ವ್ಯಂಜನದಲ್ಲೇ ಬಾಯಿ ನಿಲ್ಲಿಸುವುದನ್ನು ಆಟವಾಗಿ ಮಾಡಿಸಬೇಕು. ಅನಂತರ ಜೋಡಿಗಳನ್ನು ಹೇಳಬೇಕು: ಸಿಟ್, ಸೈಟ್, ರ‍್ಯಾಟ್, ರೇಟ್, ನಾಟ್, ನೋಟ್, ಟಬ್, ಟ್ಯೂಬ್, ಫಿನ್, ಫೈನ್. ಜೋಡಿಯಲ್ಲಿ ಯಾವ ಪದದೊಳಗೆ ಅಕ್ಷರದ ಹೆಸರು ಕೇಳಿಸಿತು ಎಂದು ಮಗು ಕೈಯೆತ್ತಿ ತಿಳಿಸಬೇಕು. ಕಿವಿಗೆ ಸಿಗದ ವ್ಯತ್ಯಾಸವನ್ನು ಕಣ್ಣಿಗೆ ತೋರಿಸಿ ಫಲವಿಲ್ಲವಾದ್ದರಿಂದ ಈ ಆಟವನ್ನು ಅವಸರದಲ್ಲಿ ಮುಗಿಸಬಾರದು.

ಆಮೇಲೆ ಚೀಟಿಗಳ ಕೆಲಸ. ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ: ಕಾಗದ ದಪ್ಪ, ಹಿಂಬದಿ ಸಾಮಾನ್ಯವಾಗಿ ಖಾಲಿ. ಅಂಗೈಯಷ್ಟು ಉದ್ದದ ಪಟ್ಟಿಯೊಂದನ್ನು ಕತ್ತರಿಸಿ, ನಾಲ್ಕು ಸಮಭಾಗ ಮಾಡಿ, ಮೊದಲ ಮೂರರಲ್ಲಿ ಟಿ-ಎ-ಪಿ ಎಂದೂ ನಾಲ್ಕನೆಯದರಲ್ಲಿ ಬೇರೆ ಬಣ್ಣದಿಂದ ‘ಇ’ ಎಂದೂ ಬರೆದು, ಆ ಕೊನೆಯ ಭಾಗವನ್ನು ಹಿಂದಕ್ಕೆ ಮಡಚಬೇಕು. ಮಡಚಿದ್ದಾಗ ಮಗು ‘ಟ್ಯಾಪ್’ ಎಂದು ಓದುತ್ತದೆ. ಬಿಚ್ಚಿದಾಗ ‘ಟೇಪ್’ ಎಂದು ಓದಬೇಕು. ಮಡಚುವ ಬಿಚ್ಚುವ ಕೆಲಸ ಮಗುವಿನ ಕೈಯಲ್ಲೇ ಆಗಬೇಕು, ಏಕೆಂದರೆ ಒಂದು ಅಕ್ಷರ ಬಂದು ಹೋದಂತೆಲ್ಲ ಪದವೇ ಬದಲಾಗುತ್ತದೆ ಎಂಬುದು ಅದಕ್ಕೆ ಮನದಟ್ಟಾಗುವುದು ಆಗಲೇ. ‘ಇ’ಯಿಂದ ಹೊರಟು ನಡುವಿನ ವ್ಯಂಜನವನ್ನು ದಾಟಿ ಸ್ವರದ ಬಳಿ ಇಳಿಯುವ ಒಂದು ಕಮಾನನ್ನು ಪದದ ಕೆಳಗೆ ಪೆನ್ಸಿಲಿನಿಂದ ಎಳೆದರೆ, ‘ಇ’ ಯಾರ ಮೇಲೆ ಕೆಲಸ ಮಾಡುತ್ತಿದೆ ಎಂಬುದೂ ಕಾಣುತ್ತದೆ.

ಚೀಟಿ ಬಿಚ್ಚಿದ ಮಗು ‘ಟ್ಯಾಪೆ’ ಎಂದರೆ ಸರಿಯಾದ ಪದವನ್ನು ಕೂಡಲೇ ಹೇಳಿಬಿಡಬಾರದು. ಬೆರಳನ್ನು ನಡುವಿನ ಸ್ವರದ ಮೇಲಿಟ್ಟು ಕೇಳಬೇಕು:

‘ಇದರ ಹೆಸರೇನು ಪುಟ್ಟಾ?’

‘ಎ.’

‘ಕೊನೆಯಲ್ಲಿ ಇ ಬಂದಿದೆ, ಈಗ ಇದು ತನ್ನ ಹೆಸರನ್ನೇ ಹೇಳುತ್ತದೆ. ಈಗ ಓದು ನೋಡೋಣ.’

‘ಟ್... ಏ... ಟೇಪ್!’

ಸ್ವರಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು ಎಂಬುದೂ ಮುಖ್ಯ. ‘ಎ’ ಮತ್ತು ‘ಐ’ ಇರುವ ಜೋಡಿಗಳು ಹೇರಳವಾಗಿ ಸಿಗುವುದರಿಂದ ಅವು ಮೊದಲು, ಅವು ಬೆರೆಸಿ ಕೊಟ್ಟರೂ ತಪ್ಪದಷ್ಟು ಆದಾಗ ‘ಒ’, ಆನಂತರ ‘ಯು’. ‘ಯು’ ಕೆಲವು ಕಡೆ ‘ಕ್ಯೂಟ್’ ಎಂಬಲ್ಲಿನಂತೆ ಹೆಸರನ್ನು ಪೂರ್ತಿ ಹೇಳಿದರೆ ‘ರೂಲ್’, ‘ಜೂನ್’ಗಳಲ್ಲಿ ಬರಿಯ ಊಕಾರವಾಗುತ್ತದೆ, ಮಕ್ಕಳು ಇದನ್ನು ದೊಡ್ಡ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾರೆ. ನಡುವೆಯೂ ಕೊನೆಯಲ್ಲೂ ‘ಇ’ ಇರುವ ‘ದೀಸ್’ ಮುಂತಾದ ಪದಗಳು ಕಡಿಮೆ, ಅವನ್ನು ಕೊನೆಗಿಡಬಹುದು. ‘ಕೇರ್’, ‘ಫೈರ್’ ಮೊದಲಾದ ‘ಆರ್’ ಬರುವ ಪದಗಳಲ್ಲಿ ಸ್ವರ ಬೇರೆಯಾಗಿ ಕೇಳುವುದರಿಂದ ಆರಂಭದ ಚೀಟಿಗಳಲ್ಲಿ ಅವು ಬೇಡ.

ಮಗು ನಿಜವಾಗಿ ಓದುತ್ತಿದೆಯೋ ಪದದ ಆಕಾರವನ್ನು ನೆನಪಿಟ್ಟುಕೊಂಡಿದೆಯೋ ತಿಳಿಯಬೇಕಾದರೆ ಅರ್ಥವಿಲ್ಲದ ಪದ ಕೊಡಬೇಕು. ಎಂ-ಐ-ಬಿ-ಇ ಎಂದು ಬರೆದಾಗ ‘ಮೈಬ್’ ಎಂದು ಓದಿ ನಕ್ಕರೆ ಪಾಠ ಇಳಿದಿದೆ ಎಂದೇ ಲೆಕ್ಕ.

ಓದಿಗಿಂತ ಬರವಣಿಗೆ ಕಷ್ಟ. ‘ಟೇಪ್’ ಎಂದು ಹೇಳಿದಾಗ ಕಿವಿಗೆ ಬೀಳುವುದು ಮೂರು ಧ್ವನಿ, ಬರೆಯಬೇಕಾದದ್ದು ನಾಲ್ಕು ಅಕ್ಷರ. ಆ ನಾಲ್ಕನೆಯದನ್ನು ನೆನಪಿಸುವ ಧ್ವನಿ ಯಾವುದೂ ಇಲ್ಲ. ಮಗು ಮೊದಲು ಬೆರಳು ಮಡಚುತ್ತ ಧ್ವನಿಗಳನ್ನು ಎಣಿಸಲಿ, ಮೂರು ಚೌಕಗಳಲ್ಲಿ ಅವನ್ನು ಬರೆಯಲಿ, ಆಮೇಲೆ ಸ್ವರದ ಚೌಕಕ್ಕೆ ಮರಳಿ ‘ಇದು ಹೆಸರು ಹೇಳಿತೇ’ ಎಂದು ತನ್ನನ್ನೇ ಕೇಳಿಕೊಳ್ಳಲಿ. ಹೌದಾದರೆ ಹೊರಗೆ ಒಂದು ‘ಇ’. ಉಕ್ತಲೇಖನದಲ್ಲಿ ಬರಿಯ ಮೌನ ‘ಇ’ ಪದಗಳನ್ನೇ ಕೊಟ್ಟರೆ ಮಗು ಯೋಚಿಸದೆ ಎಲ್ಲದಕ್ಕೂ ಬಾಲ ಅಂಟಿಸುತ್ತದೆ, ಆದ್ದರಿಂದ ‘ಪಿನ್, ಪೈನ್, ಮೇಡ್, ಮ್ಯಾಡ್’ ಎಂದು ಬೆರೆಸಿಯೇ ಹೇಳಬೇಕು. ‘ಟೇಪ್’ಗೆ ಟಿ-ಎ-ಇ-ಪಿ ಎಂದು ಬರೆಯುವ ಮಗು ‘ಇ’ ಬೇಕೆಂಬುದನ್ನು ಅರಿತಿದೆ, ಜಾಗವಷ್ಟೇ ತಪ್ಪಿದೆ. ಅದರ ಕೈಗೆ ಮತ್ತೆ ಮಡಚುವ ಚೀಟಿ ಕೊಟ್ಟರೆ ಸಾಕು. ಪ್ರತಿದಿನ ಹತ್ತು ನಿಮಿಷ ಧಾರಾಳ. ಹೋಂವರ್ಕ್ ಮುಗಿಸಿ ದಣಿದಿರುವ ಮಗುವನ್ನು ಇದಕ್ಕಾಗಿ ಇನ್ನೊಂದು ಅರ್ಧ ಗಂಟೆ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ಇಷ್ಟಾಗುವ ಹೊತ್ತಿಗೆ ‘ಹ್ಯಾವ್’ ಎಂಬ ಪದವನ್ನು ಮಗು ‘ಹೇವ್’ ಎಂದು ಓದಿಯೇ ಓದುತ್ತದೆ. ಇದು ನಿಯಮ ಕಲಿತದ್ದರ ಗುರುತು. ಹ್ಯಾವ್, ಗಿವ್, ಲವ್ ಪದಗಳ ಕೊನೆಯ ‘ಇ’ಗೆ ಬೇರೊಂದು ಕೆಲಸವಿದೆ: ಇಂಗ್ಲಿಷ್ ಬರವಣಿಗೆಯಲ್ಲಿ ಪದವನ್ನು ‘ವಿ’ ಅಕ್ಷರದಲ್ಲಿ ಮುಗಿಸುವ ರೂಢಿ ಇಲ್ಲ, ಹಾಗಾಗಿ ಅದರ ಪಕ್ಕದಲ್ಲಿ ‘ಇ’ ನಿಲ್ಲುತ್ತದೆ. ‘ಡ್ಯಾನ್ಸ್’, ‘ಲಾರ್ಜ್’ ಪದಗಳಲ್ಲಿ ಅದು ‘ಸಿ’ಯನ್ನು ಸಕಾರವಾಗಿಯೂ ‘ಜಿ’ಯನ್ನು ಜಕಾರವಾಗಿಯೂ ಮಾಡುತ್ತದೆ, ‘ರೈಸ್’, ‘ಪೇಜ್’ಗಳಲ್ಲಿ ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ‘ಕಮ್’, ‘ಸಮ್’, ‘ಡನ್’, ‘ಒನ್’ ಮುಂತಾದವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಪದೇಪದೇ ಬರುವ ಪದಗಳಾದ್ದರಿಂದ ಇವನ್ನು ಇಡಿಯಾಗಿ ಗುರುತಿಸಲು ಕಲಿಸಬೇಕು. ಒಂದು ರೀತಿ ಓದಿದಾಗ ತನಗೆ ಗೊತ್ತಿರುವ ಪದ ಸಿಗದಿದ್ದರೆ ಇನ್ನೊಂದು ರೀತಿ ಓದಿ ನೋಡುವ ಅಭ್ಯಾಸ ಬೆಳೆಸಿದರೆ ಅಪವಾದಗಳ ಉದ್ದನೆಯ ಪಟ್ಟಿ ಬೇಕಾಗುವುದಿಲ್ಲ.

ಬೆಂಗಳೂರಿನ ಮಕ್ಕಳಿಗೆ ಎದುರಾಗುವ ಇನ್ನೊಂದು ತೊಡಕು ಬೀದಿಯ ಫಲಕಗಳಲ್ಲಿದೆ. ದರ್ಶಿನಿಯ ಗೋಡೆಯ ಮೇಲಿನ ದರಪಟ್ಟಿಯಲ್ಲಿ ದೋಸೆಯನ್ನು ಡಿ-ಒ-ಎಸ್-ಇ ಎಂದು ಬರೆದಿರುತ್ತಾರೆ. ಅದೇ ನಾಲ್ಕಕ್ಷರ ಔಷಧದ ಪೊಟ್ಟಣದ ಮೇಲೆ ಬಂದರೆ ‘ಡೋಸ್’. ಅಕ್ಕಿಪೇಟೆ, ಕಾಟನ್‌ಪೇಟೆಗಳ ಹೆಸರನ್ನು ಪಿ-ಇ-ಟಿ-ಇ ಎಂದು ಮುಗಿಸಿದಾಗ ಎರಡನೆಯ ‘ಇ’ಯನ್ನೂ ನುಡಿಯಬೇಕು, ಎಂ-ಎ-ಎನ್-ಇ ಎಂಬುದು ಮನೆಯ ಫಲಕದಲ್ಲಿ ‘ಮನೆ’, ಪಾಠದ ಪುಸ್ತಕದಲ್ಲಿ ‘ಮೇನ್’, ಅಂದರೆ ಕುದುರೆಯ ಕೇಸರ. ಇದನ್ನು ಮರೆಮಾಚುವುದಕ್ಕಿಂತ ನೇರವಾಗಿ ಪಾಠಕ್ಕೆ ತರುವುದೇ ಮೇಲು: ನೋಟ್‌ಬುಕ್ಕಿನ ಎರಡು ಎದುರುಪುಟಗಳಲ್ಲಿ ಒಂದನ್ನು ಇಂಗ್ಲಿಷ್ ಪದಗಳಿಗೂ ಇನ್ನೊಂದನ್ನು ‘ನಮ್ಮ ಹೆಸರುಗಳಿಗೂ’ ಮೀಸಲಿಟ್ಟು, ಹೊರಗೆ ಹೋದಾಗ ಕಂಡ ಫಲಕ ಯಾವ ಪುಟಕ್ಕೆ ಸೇರುತ್ತದೆಂದು ಮಗುವೇ ತೀರ್ಮಾನಿಸಲಿ. ಬನಶಂಕರಿ 3ನೇ ಸ್ಟೇಜ್, ಜೆ.ಪಿ. ನಗರ 7ನೇ ಫೇಸ್, ಅಗರ ಲೇಕ್, ಅಪಾರ್ಟ್‌ಮೆಂಟಿನ ಗೇಟ್ ಎಲ್ಲವೂ ಮೊದಲ ಪುಟಕ್ಕೆ. ಮೆಟ್ರೋದ ‘ಪರ್ಪಲ್ ಲೈನ್’ ಎಂಬ ಎರಡು ಪದಗಳಲ್ಲಿ ‘ಲೈನ್’ ಪದದ ‘ಇ’ ನಮ್ಮ ಪಾಠದ್ದು. ‘ಪರ್ಪಲ್’ ಪದದ್ದು ಬೇರೆ ಜಾತಿಯದು, ಟೇಬಲ್, ಆ್ಯಪಲ್‌ಗಳ ಗುಂಪಿನದು. ಚುರುಕಾದ ಮಗು ಕೇಳಿದರೆ ಅಷ್ಟು ಹೇಳಿ ಬಿಡಬಹುದು.

‘ಹಾಗಾದರೆ ಅದನ್ನು ಅಲ್ಲಿ ಇಟ್ಟವರು ಯಾರು ಮಿಸ್?’ ಎಂದು ಕೇಳುವ ಮಕ್ಕಳೂ ಇರುತ್ತಾರೆ. ಆ ‘ಇ’ಗಳಲ್ಲಿ ಅನೇಕವು ಒಂದು ಕಾಲಕ್ಕೆ ನುಡಿಯುತ್ತಿದ್ದವು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಪದ್ಯಗಳಲ್ಲಿ ಕೊನೆಯ ‘ಇ’ಯನ್ನು ಹಲವು ಕಡೆ ನುಡಿದರೆ ಮಾತ್ರ ಛಂದಸ್ಸು ಕೂಡುತ್ತದೆ, ಆಗಿನ ‘ನೇಮ್’ ಹೆಚ್ಚುಕಡಿಮೆ ‘ನಾಮೆ’ ಎಂಬಂತೆ ಕೇಳುತ್ತಿತ್ತು. ಮುಂದೆ ಕೊನೆಯ ಧ್ವನಿ ಉದುರಿತು, ಹಿಂದಿನ ದೀರ್ಘಸ್ವರ ಮುಂದಿನ ಶತಮಾನಗಳಲ್ಲಿ ಉಚ್ಚಾರ ಬದಲಿಸಿ ‘ಏ’ ಆಯಿತು, ಅಕ್ಷರ ಮಾತ್ರ ಉಳಿದುಕೊಂಡಿತು. ಲಂಡನ್ನಿನ ಶಾಲಾ ಮುಖ್ಯೋಪಾಧ್ಯಾಯ ರಿಚರ್ಡ್ ಮಲ್ಕ್ಯಾಸ್ಟರ್ 1582ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೊನೆಯ ‘ಇ’ ಹಿಂದಿನ ಸ್ವರವನ್ನು ಸೂಚಿಸುವ ಗುರುತಾಗಿ ಬಳಕೆಯಾಗುವುದನ್ನು ವಿವರಿಸಿದ್ದಾನೆ. ನಮ್ಮ ಮಕ್ಕಳು ‘ನಾಮೆ’ ಎಂದು ಓದಿದಾಗ ಸುಮಾರು ಆರು ಶತಮಾನ ಹಿಂದಿನ ಇಂಗ್ಲಿಷರಂತೆಯೇ ಓದುತ್ತಿರುತ್ತಾರೆ ಎಂಬುದು ಪೋಷಕರ ಸಮಾಧಾನಕ್ಕಾದರೂ ತಿಳಿದಿರಲಿ.

‘ಇಂಗ್’ ಸೇರಿಸುವ ವಿಷಯವನ್ನು ಎರಡನೇ ಅಥವಾ ಮೂರನೇ ತರಗತಿಗೆ ಬಿಡಬಹುದು. ಅಲ್ಲಿ ‘ಹೋಪ್’ ತನ್ನ ‘ಇ’ಯನ್ನು ಕಳೆದುಕೊಂಡು ‘ಹೋಪಿಂಗ್’ ಆಗುತ್ತದೆ, ಏಕೆಂದರೆ ಸೇರಿಬಂದ ‘ಐ’ ಅಕ್ಷರವೇ ಅದರ ಕೆಲಸ ಮಾಡುತ್ತದೆ. ಅದೇ ಕಾರಣಕ್ಕೆ ‘ಹಾಪ್’ ತನ್ನ ಸ್ವರವನ್ನು ಕಾಪಾಡಿಕೊಳ್ಳಲು ‘ಪಿ’ಯನ್ನು ಇಮ್ಮಡಿಸಿ ‘ಹಾಪಿಂಗ್’ ಆಗುತ್ತದೆ. ಒಂದನೇ ತರಗತಿಯ ಮಗು ‘ಮೇಕಿಂಗ್’ ಎಂದು ಬರೆಯುವಾಗ ನಡುವೆ ‘ಇ’ ಉಳಿಸಿಕೊಂಡರೆ ಕೆಂಪು ಶಾಯಿಯಿಂದ ಹೊಡೆದು ಹಾಕದೆ, ಸರಿಯಾದ ರೂಪವನ್ನು ಪಕ್ಕದಲ್ಲಿ ಬರೆದು ತೋರಿಸಿದರೆ ಸದ್ಯಕ್ಕೆ ಸಾಕು.