ಹಾಸಿಗೆ ಒದ್ದೆಯಾದ ಬೆಳಿಗ್ಗೆ ಮೊದಲು ಏನು ಮಾಡಬೇಕು?

ತುಳುನಾಡಿನ ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ವಾರಗಳವು. ಉಡುಪಿಯ ನಮ್ಮ ಮನೆಯ ಬಚ್ಚಲಲ್ಲಿ, ಹಂಡೆಯ ಮೇಲಿನ ಬಿದಿರಿಗೆ ದೊಡ್ಡಪ್ಪನ ಪಂಚೆ ಎರಡು ದಿನಕ್ಕೊಮ್ಮೆಯಾದರೂ ನೇತಾಡುತ್ತಿತ್ತು. ಯಾರೂ ಏಳುವ ಮುಂಚೆ ಅವರೇ ಒಗೆದು, ಒಲೆಗೆ ಬೆಂಕಿ ಮಾಡಿ, ಕಾವಿಗೆ ಒಣಹಾಕುತ್ತಿದ್ದರು. ರಾತ್ರಿಯ ಗಂಜಿ ಬೇಡವೆಂದರು. ಸಂಜೆ ನಾಲ್ಕರ ಚಹಾದ ನಂತರ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಮಂಗಳೂರಿನ ಮಗಳ ಮನೆಗೆ ಹೋದರೂ ಉಳಿಯದೆ ರಾತ್ರಿ ಬಸ್ ಹಿಡಿದು ಬಂದುಬಿಡುತ್ತಿದ್ದರು. ವಯಸ್ಸಾಯಿತಲ್ಲ, ಅದಕ್ಕೇ ಹೀಗೆ ಎಂದುಕೊಂಡೆವು. ದೊಡ್ಡಮ್ಮ ಒಂದು ದಿನ ನನ್ನನ್ನು ಜಗಲಿಗೆ ಕರೆದು ಪಿಸುದನಿಯಲ್ಲಿ ಹೇಳಿದ ಮೇಲೆಯೇ ವಿಷಯ ತಿಳಿದದ್ದು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಆ ಎರಡು ತಿಂಗಳು ಇನ್ನೊಬ್ಬರ ಮನೆಯಲ್ಲಿ ಹಾಗೆ ಕಳೆಯಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ನಿದ್ದೆಯಲ್ಲಿ ಮೂತ್ರ ಹೋಗುವ ತೊಂದರೆ ದೊಡ್ಡವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಇದೆ ಎಂಬುದು ಅಂದಾಜು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ತುಂಬಿ ಹೊರಡುವ ಒಂದು ಸಿಟಿ ಬಸ್ಸಿನಲ್ಲಿ ಅಂಥವರು ಒಬ್ಬರು ಇರಬಹುದು. ಪಕ್ಕದಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಮೊದಲು, ಹಿಂದಿನ ರಾತ್ರಿಯನ್ನು ನೆನಪಿಸಿಕೊಳ್ಳಿ

ಒಮ್ಮೆ ಆಯಿತೆಂದ ಮಾತ್ರಕ್ಕೆ ಹೆದರಬೇಕಿಲ್ಲ. ಬಟ್ಟೆ ಬದಲಿಸಿ, ಮೈ ತೊಳೆದುಕೊಂಡು, ಹಿಂದಿನ ದಿನ ಎಂದಿಗಿಂತ ಬೇರೆಯಾಗಿ ನಡೆದದ್ದೇನು ಎಂದು ಯೋಚಿಸಿ. ಮದ್ಯ ಕುಡಿದಿದ್ದರೆ ಕಾರಣ ಅದೇ ಇರಬಹುದು. ರಾತ್ರಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ಹಾರ್ಮೋನನ್ನು ಮದ್ಯ ಅಡಗಿಸುತ್ತದೆ, ಜೊತೆಗೆ ಮೂತ್ರಕೋಶ ತುಂಬಿದ ಎಚ್ಚರವನ್ನೂ ಮಂಕು ಮಾಡುತ್ತದೆ. ನಿದ್ದೆಯ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಗಳು, ನಿದ್ದೆ ತರಿಸುವ ನೆಗಡಿ ಮಾತ್ರೆಗಳಿಂದಲೂ ಹೀಗಾಗುವುದುಂಟು. ಎರಡು ರಾತ್ರಿ ಯಕ್ಷಗಾನ ನೋಡಿ ನಿದ್ದೆಗೆಟ್ಟವರು ಮೂರನೆಯ ರಾತ್ರಿ ಕೊರಡಿನಂತೆ ಮಲಗಿದಾಗಲೂ ಆಗಬಹುದು.

ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುವಂಥವು. ಅವನ್ನು ಸಂಜೆ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಮೂರು ದಿನದ ಲೆಕ್ಕ

ಎರಡನೆಯ ಸಲ ಆಯಿತೆಂದರೆ ಒಂದು ಸಣ್ಣ ಪುಸ್ತಕ, ಅಳತೆ ಗೆರೆಯಿರುವ ಒಂದು ಪ್ಲಾಸ್ಟಿಕ್ ಮಗ್ ತನ್ನಿ. ಇಡೀ ಲೇಖನದಲ್ಲಿ ಇದೊಂದನ್ನು ಮಾಡಿದರೂ ನನಗೆ ಸಮಾಧಾನ. ಮೂರು ದಿನ, ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್ ಮೂತ್ರ ಹೋಯಿತು, ಯಾವ ರಾತ್ರಿ ಒದ್ದೆಯಾಯಿತು ಎಂದು ಬರೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ.

ಈ ಅಂಕಿಗಳು ಮಾತನಾಡುತ್ತವೆ. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ, ದೇಹ ರಾತ್ರಿ ಹೊತ್ತು ಅಗತ್ಯಕ್ಕಿಂತ ಹೆಚ್ಚು ಮೂತ್ರ ತಯಾರಿಸುತ್ತಿದೆ ಎಂದರ್ಥ. ಸಾಮಾನ್ಯವಾಗಿ 300ರಿಂದ 500 ಮಿಲಿಲೀಟರ್ ಹಿಡಿಯುವ ಮೂತ್ರಕೋಶದಿಂದ ಪ್ರತಿ ಸಲವೂ 80, 100 ಮಾತ್ರ ಬರುತ್ತಿದ್ದರೆ ಹುಡುಕಬೇಕಾದ ಕಾರಣ ಬೇರೆ.

ನೀರು ಬಿಡಬೇಡಿ, ಹೊತ್ತು ಬದಲಿಸಿ

ದೊಡ್ಡಪ್ಪ ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆ. ಕರಾವಳಿಯ ಸೆಕೆಯಲ್ಲಿ ಬೆವರಾಗಿ ಹೋಗುವುದೇ ಬಹಳ. ನೀರನ್ನೂ ಬಿಟ್ಟರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಕಲ್ಲು ಕಟ್ಟುವುದಕ್ಕೂ ದಾರಿಯಾಗುತ್ತದೆ. ಹಗಲು ಚೆನ್ನಾಗಿ ಕುಡಿಯಿರಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಕುಚ್ಚಲಕ್ಕಿ ಗಂಜಿಯಲ್ಲಿ ಅನ್ನಕ್ಕಿಂತ ತಿಳಿಯೇ ಹೆಚ್ಚು ಎಂಬುದನ್ನು ನಾವು ಮರೆಯುತ್ತೇವೆ. ಅದನ್ನು ಮಧ್ಯಾಹ್ನಕ್ಕೆ ಸರಿಸಿ. ಕಾಫಿ, ಚಹಾ ಸಂಜೆಯ ನಂತರ ಬೇಡ.

ಮಲಬದ್ಧತೆಯಿದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಸಂಜೆ ಹೊತ್ತಿಗೆ ಕಾಲು ಊದುವವರು ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಲಿ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು, ರಾತ್ರಿ ಅಡ್ಡವಾದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆದರೆ ಊತಕ್ಕೆ ಕಾರಣವೇನೆಂದು ವೈದ್ಯರಿಂದ ತಿಳಿದುಕೊಳ್ಳಲೇಬೇಕು.

ಮಳೆಗಾಲದಲ್ಲಿ ಹಾಸಿಗೆ ಒಣಗಿಸುವುದು ನಮ್ಮೂರಲ್ಲಿ ದೊಡ್ಡ ಕಷ್ಟ. ಔಷಧದ ಅಂಗಡಿಯ ರಬ್ಬರ್ ಹಾಳೆಯನ್ನು ಹಾಸಿ, ಮೇಲೆ ಹಳೆಯ ಸೀರೆಯನ್ನು ಮಡಚಿ ಹಾಕಿದರೆ ಒಗೆಯಬೇಕಾದದ್ದು ಸೀರೆ ಮಾತ್ರ.

ಯಾವಾಗ ಕಾಯಬಾರದು

ತೊಡೆಗಳ ನಡುವೆ, ಕುಳಿತಾಗ ನೆಲಕ್ಕೆ ತಾಗುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕುಂದಿದರೆ, ಮಲದ ಹಿಡಿತ ತಪ್ಪಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು, ತಡವಾದರೆ ಹೋದ ಬಲ ಮರಳುವುದು ಕಷ್ಟ. ಹೊಟ್ಟೆಯ ಕೆಳಭಾಗ ಬಿಗಿದು ಮೂತ್ರವೇ ಬಾರದಿದ್ದರೂ, ಚಳಿಜ್ವರದೊಂದಿಗೆ ಪಕ್ಕೆ ನೋಯುತ್ತಿದ್ದರೂ ಹಾಗೆಯೇ. ಬೆಳಿಗ್ಗೆ ನಾಲಿಗೆ ಕಚ್ಚಿಕೊಂಡ ಗಾಯ, ಮೈಕೈ ನೋವು, ಮಂಪರು ಇದ್ದರೆ ನಿದ್ದೆಯಲ್ಲಿ ಅಪಸ್ಮಾರ ಬಂದಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ.

ಒದ್ದೆಯಾಗುವುದು ಮರುಕಳಿಸಿದರೆ ಆ ವಾರದೊಳಗೇ ಹೋಗಿ. ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಇದ್ದರೆ ಸಕ್ಕರೆ ಕಾಯಿಲೆಯ ಶಂಕೆ. ಉರಿಯಿದ್ದರೆ ಸೋಂಕು. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ ಹೇಳಿ: ಆ ಹೊತ್ತಿನಲ್ಲಿ ಹೃದಯದ ಮೇಲೆ ಬೀಳುವ ಎಳೆತಕ್ಕೆ ಹೊಮ್ಮುವ ಹಾರ್ಮೋನು ಮೂತ್ರವನ್ನು ಹೆಚ್ಚಿಸುತ್ತದೆ. ಗೊರಕೆಗೆ ಚಿಕಿತ್ಸೆ ಪಡೆದು ಹಾಸಿಗೆ ಒಣಗಿದವರಿದ್ದಾರೆ.

ದೊಡ್ಡಪ್ಪನದು ಇದ್ಯಾವುದೂ ಅಲ್ಲ. ಮೂತ್ರ ಹೊಯ್ದು ಬಂದ ಕೂಡಲೇ ಸ್ಕ್ಯಾನ್ ಮಾಡಿದಾಗ ಒಳಗೆ ಇನ್ನೂ ಅರ್ಧ ಲೀಟರಿಗಿಂತ ಹೆಚ್ಚು ಉಳಿದಿತ್ತು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಕಟ್ಟಿತ್ತು. ತುಂಬಿದ ಕೊಡ ನಿದ್ದೆಯಲ್ಲಿ ತುಳುಕುತ್ತಿತ್ತು, ಅಷ್ಟೇ. ನೋವಿರಲಿಲ್ಲ, ಧಾರೆ ಮಾತ್ರ ಸಣ್ಣಗಾಗಿತ್ತು. ಇದನ್ನು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಅರವತ್ತು ದಾಟಿದ ಗಂಡಸರ ಹಾಸಿಗೆ ಹೊಸದಾಗಿ ಒದ್ದೆಯಾಗತೊಡಗಿದರೆ ಈ ಸ್ಕ್ಯಾನ್ ಮಾಡಿಸದೆ ಬಿಡಬಾರದು. ರಾತ್ರಿ ಮೂತ್ರ ಕಡಿಮೆ ಮಾಡುವ ಮಾತ್ರೆಯೊಂದು ಇದೆ. ಆದರೆ ಅದು ವಯಸ್ಸಾದವರ ರಕ್ತದ ಸೋಡಿಯಂ ಇಳಿಸಿ ಅಪಾಯ ತರಬಲ್ಲದು. ಯಾರೋ ಹೇಳಿದರೆಂದು ತಂದು ನುಂಗಬೇಡಿ.

ಎಲ್ಲಿಗೆ, ಹೇಗೆ

ಮೊದಲು ನಿಮ್ಮ ಮನೆಯ ವೈದ್ಯರ ಬಳಿಗೆ. ಮೂತ್ರ ಮತ್ತು ಸಕ್ಕರೆಯ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಮಂಗಳೂರಿನಲ್ಲಿ ಸರಕಾರದ ವೆನ್ಲಾಕ್ ಆಸ್ಪತ್ರೆಯಿದೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಹತ್ತಿರ.

ಮನೆಯವರು ಈ ಮಾತನ್ನು ಊಟದ ಹೊತ್ತಿನಲ್ಲಿ, ಮಕ್ಕಳೆದುರು ಎತ್ತಬೇಡಿ. ಮನೆಯವರಲ್ಲಿ ಒಬ್ಬರು ಮಾತ್ರ, ಅವರು ಒಬ್ಬರೇ ಇದ್ದಾಗ, "ನಾಳೆ ನಾನೂ ಬರುತ್ತೇನೆ, ಹೋಗಿ ಬರುವ" ಎನ್ನಿ. ಚೀಟಿ ಮಾಡಿಸುವ ಕಿಟಕಿಯಲ್ಲಿ, ಹಿಂದೆ ಸಾಲು ನಿಂತಿರುವಾಗ, ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. "ಮೂತ್ರದ ತೊಂದರೆ" ಎಂದರೆ ಸಾಕು. ಒಳಗೆ ಹೋದ ಮೇಲೂ ಬಾಯಿ ಬಾರದಿದ್ದರೆ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಿ. ದೊಡ್ಡಪ್ಪ ಮಾಡಿದ್ದೂ ಅಷ್ಟೇ, ಮುಂದಿನದನ್ನು ವೈದ್ಯರೇ ಕೇಳಿದರು.