ಹೊಟ್ಟೆ ಸರಿಹೋಗಲಿ ಅಂತ ಕಾಯುತ್ತಾ ಕೂರಬೇಡಿ: ಐಬಿಎಸ್ ಇದ್ದಾಗ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ?

ಎಲ್ಲರೂ ರೆಡಿಯಾಗಿ ಬಾಗಿಲ ಹತ್ತಿರ ನಿಂತಿರುತ್ತಾರೆ. ನೀವೂ ಒಂದು ಕಾಲಿಗೆ ಶೂ ಹಾಕಿಕೊಂಡಿರುತ್ತೀರಿ. ಅಷ್ಟರಲ್ಲಿ ಕೆಳಹೊಟ್ಟೆಯ ಎಡಗಡೆ ಯಾರೋ ಹಿಂಡಿದ ಹಾಗಾಗುತ್ತದೆ. ಶೂ ಬಿಚ್ಚಿ ಮತ್ತೆ ಟಾಯ್ಲೆಟ್‌ಗೆ. ಅರ್ಧ ಗಂಟೆಯಲ್ಲಿ ಇದು ಮೂರನೇ ಸಲ. ಹೊರಗೆ ಯಾರೋ ಗಡಿಯಾರ ನೋಡುತ್ತಿದ್ದಾರೆ ಅಂತ ಒಳಗೆ ಕೂತೇ ಗೊತ್ತಾಗುತ್ತದೆ. ಕೊನೆಗೆ ಅಲ್ಲಿಂದಲೇ ಹೇಳುತ್ತೀರಿ, ‘ನೀವು ಹೋಗಿ ಬನ್ನಿ, ನನಗೆ ಯಾಕೋ ತಲೆನೋವು.’ ಗಾಡಿ ಹೊರಟ ಸದ್ದು ಕೇಳಿ ಹತ್ತು ನಿಮಿಷಕ್ಕೆ ಹೊಟ್ಟೆ ತಣ್ಣಗಾಗುತ್ತದೆ. ಆಗ ಬರುತ್ತದೆ ನೋಡಿ ಅಳು, ಅದು ಹೊಟ್ಟೆನೋವಿಗಿಂತ ಜಾಸ್ತಿ ಸುಸ್ತು ಮಾಡುತ್ತದೆ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆಗೆ ಇರಿಟಬಲ್ ಬೊವೆಲ್ ಸಿಂಡ್ರೋಮ್, ಅಂದರೆ ಐಬಿಎಸ್ ಅನ್ನುತ್ತಾರೆ. ಅದು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಅವರಲ್ಲಿ ಒಬ್ಬಳು. ಹೊಟ್ಟೆ ಪೂರ್ತಿ ಸರಿಹೋಗಲಿ, ಆಮೇಲೆ ಪ್ರವಾಸ, ಆಮೇಲೆ ಗೆಳತಿಯರು, ಆಮೇಲೆ ಹೊಸ ಕೆಲಸ ಅಂತ ನಾನು ವರ್ಷಗಟ್ಟಲೆ ಕಾದೆ. ಈ ಕಾಯಿಲೆ ಕರುಳನ್ನು ತಿಂದು ಹಾಳು ಮಾಡುವುದಿಲ್ಲ, ಕ್ಯಾನ್ಸರ್‌ಗೆ ತಿರುಗುವುದಿಲ್ಲ, ಆಯಸ್ಸು ಕಡಿಮೆ ಮಾಡುವುದಿಲ್ಲ. ಆದರೆ ಕಾಯುವುದರಲ್ಲೇ ಆಯಸ್ಸು ಕಳೆದುಹೋಗುತ್ತದೆ. ಹಾಗಾಗಿ ಇಲ್ಲಿ ಔಷಧಿ, ಪಥ್ಯದ ಮಾತು ಕಡಿಮೆ. ಹೊಟ್ಟೆ ಈಗ ಹೇಗಿದೆಯೋ ಹಾಗೇ ಇದ್ದಾಗಲೂ ಮನಸ್ಸನ್ನು ಹಗುರ ಮಾಡಿಕೊಂಡು ಬದುಕುವುದು ಹೇಗೆ ಅನ್ನುವುದೇ ಜಾಸ್ತಿ.

1. ಮೊದಲು ಕಾಯಿಲೆ ಇದೇ ಅಂತ ಖಚಿತ ಮಾಡಿಕೊಳ್ಳಿ

ಏನಾಗಿದೆಯೋ ಏನೋ ಅನ್ನುವ ಗುಮಾನಿ ಒಳಗೆ ಕೊರೆಯುತ್ತಿದ್ದರೆ ಮುಂದಿನ ಯಾವ ಉಪಾಯವೂ ನಾಟುವುದಿಲ್ಲ. ವೈದ್ಯರು ಐಬಿಎಸ್ ಗುರುತಿಸಲು 2016ರಲ್ಲಿ ಬಂದ ರೋಮ್ 4 ಎಂಬ ಮಾನದಂಡ ನೋಡುತ್ತಾರೆ. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ 1 ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವು ಮಲವಿಸರ್ಜನೆಯ ಜೊತೆ ಹೆಚ್ಚುಕಡಿಮೆ ಆಗುವುದು, ದಿನಕ್ಕೆ ಎಷ್ಟು ಸಲ ಅನ್ನುವುದು ಬದಲಾಗುವುದು, ಮಲದ ಸ್ವರೂಪ ಬದಲಾಗುವುದು, ಇವು ಮೂರರಲ್ಲಿ ಎರಡಾದರೂ ಕಾಣಬೇಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯವರಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ದಯವಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ.

ಪರೀಕ್ಷೆ ಎಲ್ಲಾ ಮುಗಿದು ‘ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಇಲ್ಲ’ ಅಂತ ಹೇಳಿದ ದಿನ ನಾನು ಆ ಲಕೋಟೆ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಏನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಈ ಭಾವನೆ ತುಂಬಾ ಜನರಿಗೆ ಬರುತ್ತದೆ. ಒಂದು ವಿಷಯ ಯಾರಾದರೂ ಆವತ್ತೇ ಹೇಳಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು. ಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಪರೀಕ್ಷೆ ಮಾಡಿದಾಗ ಕಾಣುವುದು ಕರುಳಿನ ಗೋಡೆ, ಕರುಳು ಕೆಲಸ ಮಾಡುವ ರೀತಿ ಅಲ್ಲ. ವೀಣೆಯ ಫೋಟೊ ಎಷ್ಟು ನೋಡಿದರೂ ತಂತಿ ಎಷ್ಟು ಬಿಗಿಯಾಗಿದೆ ಅಂತ ತಿಳಿಯುವುದಿಲ್ಲ, ಅಲ್ವಾ? ನಾರ್ಮಲ್ ರಿಪೋರ್ಟ್ ಅಂದರೆ ನಿಮ್ಮ ನೋವು ಸುಳ್ಳು ಅಂತಲ್ಲ, ಅಪಾಯದ ಕಾಯಿಲೆ ಸಿಕ್ಕಿಲ್ಲ ಅಂತ. ಅದನ್ನು ನಂಬಿ, ಅದೇ ಪರೀಕ್ಷೆಗಳನ್ನು ಬೇರೆ ಬೇರೆ ಕಡೆ ಮತ್ತೆ ಮತ್ತೆ ಮಾಡಿಸುವುದನ್ನು ನಿಲ್ಲಿಸಿ.

2. ‘ಎಲ್ಲಾ ನಿನ್ನ ಮನಸ್ಸಲ್ಲೇ ಇದೆ’ ಅನ್ನುವ ಮಾತಿಗೆ ಉತ್ತರ ಇಟ್ಟುಕೊಳ್ಳಿ

ಕರುಳು ಚುರುಕ್ ಅನ್ನುತ್ತದೆ, ಭಯಕ್ಕೆ ಹೊಟ್ಟೆ ತೊಳಸುತ್ತದೆ ಅಂತ ನಾವು ಮೊದಲಿಂದ ಹೇಳುತ್ತಲೇ ಬಂದಿದ್ದೇವೆ. ಅದು ಬರೀ ಮಾತಲ್ಲ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ನರಗಳು ಸುದ್ದಿ ಸಾಗಿಸಲು ಬಳಸುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ಶೇ 90ರಷ್ಟು ತಯಾರಾಗುವುದು ಹೊಟ್ಟೆಯಲ್ಲೇ. ಮಿದುಳಿಗೂ ಕರುಳಿಗೂ ನಡುವೆ ಹರಿದಾಡುವ ವೇಗಸ್ ನರದಲ್ಲಿ ಮೇಲಿಂದ ಕೆಳಗೆ ಹೋಗುವ ಸುದ್ದಿಗಿಂತ ಕೆಳಗಿಂದ ಮೇಲೆ ಹೋಗುವ ಸುದ್ದಿಯೇ ಜಾಸ್ತಿ. ಐಬಿಎಸ್ ಇರುವವರಲ್ಲಿ ಈ ಮಾತುಕತೆ ಹದ ತಪ್ಪಿರುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನಮಗೆ ನೋವಾಗಿ ಕೇಳಿಸುತ್ತದೆ. ಹೊಟ್ಟೆಯ ಸೋಂಕು ಬಂದು ಹೋದವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಉಳಿದುಕೊಳ್ಳುತ್ತದೆ. ಅವರೇನು ಯೋಚನೆ ಮಾಡಿ ಮಾಡಿ ಕಾಯಿಲೆ ತರಿಸಿಕೊಂಡರಾ?

ಹಾಗಂತ ಮನಸ್ಸಿಗೆ ಸಂಬಂಧವೇ ಇಲ್ಲ ಅಂತ ಹಟ ಹಿಡಿಯುವುದೂ ಬೇಡ. ಹೊಟ್ಟೆ ಕೆಟ್ಟರೆ ಹೆದರಿಕೆ ಹುಟ್ಟುತ್ತದೆ, ಹೆದರಿಕೆ ಮತ್ತೆ ಹೊಟ್ಟೆ ಕೆಡಿಸುತ್ತದೆ. ಇದು ಗಾಣದ ಸುತ್ತು. ಆದರೆ ಈ ಸುತ್ತನ್ನು ಹೊಟ್ಟೆಯ ಕಡೆಯಿಂದಲೂ ನಿಲ್ಲಿಸಬಹುದು, ಮನಸ್ಸಿನ ಕಡೆಯಿಂದಲೂ ನಿಲ್ಲಿಸಬಹುದು. ಒಳ್ಳೆಯ ಸುದ್ದಿ ಇರುವುದೇ ಇಲ್ಲಿ.

3. ಬೇಜಾರಾಗಲಿ ಬಿಡಿ

‘ಕ್ಯಾನ್ಸರ್ ಏನೂ ಅಲ್ಲವಲ್ಲ, ಖುಷಿಪಡು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಿಮ್ಮಿಂದ ಏನೋ ಹೋಗಿದೆ. ಯೋಚಿಸದೆ ಊಟಕ್ಕೆ ಕೂರುವುದು, ಯೋಚಿಸದೆ ಬಸ್ ಹತ್ತುವುದು ಹೋಗಿದೆ. ಅದಕ್ಕೆ ದುಃಖವಾಗುವುದು ಸಹಜ. ಒಂದು ಸಂಜೆ ಕೂತು, ಈ ಕಾಯಿಲೆಯಿಂದ ಕೈಬಿಟ್ಟದ್ದೇನು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

4. ಎರಡು ವಾರ ಮಾತ್ರ ಡೈರಿ

ತಿಂದದ್ದು, ನೋವು ಎಷ್ಟು, ಟಾಯ್ಲೆಟ್‌ಗೆ ಹೋದದ್ದು ಅಂತ ಬರೆಯುವುದನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿ. ಒಂದರಲ್ಲಿ ‘ಏನಾಗುತ್ತೆ ಅಂತ ಹೆದರಿದ್ದೆ’, ಇನ್ನೊಂದರಲ್ಲಿ ‘ನಿಜವಾಗಿ ಏನಾಯಿತು’. ನನ್ನ ಡೈರಿಯ ಒಂದು ಸಾಲು ಹೀಗಿತ್ತು: ‘ಮೀಟಿಂಗ್ ಮಧ್ಯೆ ಎದ್ದು ಓಡಬೇಕಾಗುತ್ತೆ, ಎಲ್ಲರೂ ನಗುತ್ತಾರೆ.’ ಪಕ್ಕದಲ್ಲಿ: ‘ಒಂದು ಸಲ ಎದ್ದು ಹೋದೆ. ವಾಪಸ್ ಬಂದಾಗ ಅದೇ ಸ್ಲೈಡ್ ಇತ್ತು. ಯಾರೂ ತಿರುಗಿ ನೋಡಲಿಲ್ಲ.’ ಇಂಥ ಹದಿನಾಲ್ಕು ದಿನದ ಸಾಲುಗಳನ್ನು ಒಟ್ಟಿಗೆ ಓದಿದಾಗ ಹೊಟ್ಟೆ ಕೆಟ್ಟದ್ದಕ್ಕಿಂತ ಹೆದರಿದ್ದು ಎಷ್ಟು ಹೆಚ್ಚು ಸಲ ಅಂತ ಕಣ್ಣಿಗೆ ಕಾಣುತ್ತದೆ.

ಎರಡು ವಾರ ಆದ ಮೇಲೆ ಡೈರಿ ಮುಚ್ಚಿಡಿ. ದಿನಾ ಹೊಟ್ಟೆಯ ಲೆಕ್ಕ ಬರೆಯುತ್ತಾ ಹೋದರೆ ಗಮನ ಪೂರ್ತಿ ಅಲ್ಲೇ ನೆಟ್ಟುಬಿಡುತ್ತದೆ, ಸಣ್ಣ ಗುಡುಗುಡು ಸದ್ದೂ ದೊಡ್ಡದಾಗಿ ಕೇಳಿಸತೊಡಗುತ್ತದೆ.

5. ಹೊಟ್ಟೆ ಹಿಂಡಿದ ಆ ಐದು ನಿಮಿಷ

ನೋವು ಶುರುವಾದ ತಕ್ಷಣ ನಾವು ಮಾಡುವುದೇನು? ಉಸಿರು ಬಿಗಿಹಿಡಿಯುತ್ತೇವೆ, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೇವೆ, ಭುಜ ಕಿವಿಯ ಹತ್ತಿರ ಬಂದಿರುತ್ತದೆ. ಇದನ್ನು ಒಂದೊಂದಾಗಿ ಬಿಡಿಸಿ. ಸೊಂಟದ ಬಟ್ಟೆ ಬಿಗಿಯಿದ್ದರೆ ಸಡಿಲ ಮಾಡಿ. ಎರಡೂ ಪಾದ ನೆಲಕ್ಕೆ ಊರಿ. ಒಂದು ಕೈ ಹೊಕ್ಕಳ ಮೇಲೆ ಇಟ್ಟುಕೊಂಡು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಕೈ ಮೇಲೇಳಬೇಕು. ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಎದೆ ಅಲ್ಲಾಡದೆ ಹೊಟ್ಟೆ ಮಾತ್ರ ಏರಿ ಇಳಿಯಬೇಕು. ಐದು ನಿಮಿಷ ಸಾಕು. ಉಸಿರು ಬಿಡುವುದು ನಿಧಾನವಾದಷ್ಟೂ ದೇಹಕ್ಕೆ ‘ಓಡಬೇಕಾಗಿಲ್ಲ’ ಅನ್ನುವ ಸೂಚನೆ ಹೋಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ.

ಆಗ ಮನಸ್ಸಿನಲ್ಲೇ ಹೇಳಿಕೊಳ್ಳಲು ಒಂದು ಮಾತು ಬೇಕು. ‘ಅಯ್ಯೋ ಶುರುವಾಯ್ತು’ ಅನ್ನುವ ಬದಲು ನಾನು ‘ಇದು ಗೊತ್ತಿರೋ ನೋವೇ, ಬಂದ ಹಾಗೇ ಹೋಗುತ್ತೆ’ ಅಂದುಕೊಳ್ಳುತ್ತೇನೆ. ನಿಮ್ಮ ಮಾತನ್ನು ನೀವೇ ಕಟ್ಟಿಕೊಳ್ಳಿ. ಈ ಉಸಿರಾಟವನ್ನು ಹೊಟ್ಟೆ ಚೆನ್ನಾಗಿರುವ ದಿನವೂ ಬೆಳಿಗ್ಗೆ, ರಾತ್ರಿ ಅಭ್ಯಾಸ ಮಾಡಿ. ನೋವು ಬಂದಾಗಲೇ ಮೊದಲ ಸಲ ಮಾಡಹೊರಟರೆ ಬರುವುದಿಲ್ಲ.

6. ಮನೆಯಿಂದ ಹೊರಗೆ, ಮೆಟ್ಟಿಲು ಮೆಟ್ಟಿಲಾಗಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹೋಗದೆ ಉಳಿದ ಪ್ರತಿ ಸಲ ತಕ್ಷಣಕ್ಕೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ಮನಸ್ಸಿಗೆ ‘ಹೊರಗೆ ಅಪಾಯ ಇತ್ತು, ತಪ್ಪಿಸಿಕೊಂಡೆ’ ಅಂತ ಪಾಠ ಹೇಳಿಕೊಡುತ್ತದೆ, ಮುಂದಿನ ಸಲ ಹೆದರಿಕೆ ಇನ್ನೂ ಬೇಗ ಬರುತ್ತದೆ. ಹೊರಡುವ ಮುಂಚೆ ಐದು ಸಲ ಟಾಯ್ಲೆಟ್‌ಗೆ ಹೋಗುವುದೂ ಅದೇ ಪಾಠ.

ಆ ದುಃಖದ ಹಾಳೆ ಈಗ ತೆಗೆಯಿರಿ. ಕೈಬಿಟ್ಟವುಗಳನ್ನು ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿ. ಮನೆಯ ಸುತ್ತ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ. ಆಮೇಲೆ ಬಸ್‌ನಲ್ಲಿ ಎರಡು ಸ್ಟಾಪ್. ಆಮೇಲೆ ಗೆಳೆಯರ ಮನೆಯಲ್ಲಿ ಒಂದು ಗಂಟೆ. ದೂರದ ಪ್ರಯಾಣ ಕೊನೆಗೆ. ಒಂದು ಮೆಟ್ಟಿಲನ್ನು ನಾಲ್ಕೈದು ಸಲ ಮಾಡಿ, ಹೆದರಿಕೆ ಅರ್ಧಕ್ಕೆ ಇಳಿದ ಮೇಲೆ ಮುಂದಿನದು. ನಡುವೆ ಹೊಟ್ಟೆ ಕೆಟ್ಟರೆ ಕೆಳಗಿನ ಮೆಟ್ಟಿಲಿಗೆ ಇಳಿಯಿರಿ, ಪೂರ್ತಿ ಬಿಟ್ಟುಬಿಡಬೇಡಿ.

ಊಟವಾದ ಕೂಡಲೇ ಕರುಳು ಚುರುಕಾಗುತ್ತದೆ, ಬೆಳಗಿನ ಹೊತ್ತು ಇನ್ನೂ ಜಾಸ್ತಿ. ಹಾಗಾಗಿ ಅರ್ಧ ಗಂಟೆ ಮುಂಚೆ ಎದ್ದು ತಿಂಡಿ ಮುಗಿಸಿದರೆ ಧಾವಂತ ಇರುವುದಿಲ್ಲ. ಹೊರಡುವ ಮುಂಚೆ ಟಾಯ್ಲೆಟ್‌ಗೆ ಒಂದು ಸಲ ಹೋಗಿ. ಮತ್ತೆ ಅನುಮಾನ ಬಂದರೆ ಹತ್ತು ನಿಮಿಷ ಕಾದು ನೋಡಿ. ಒಂದು ಜೊತೆ ಬಟ್ಟೆ, ಟಿಶ್ಯೂ, ವೈದ್ಯರು ಬರೆದ ಮಾತ್ರೆ ಇರುವ ಸಣ್ಣ ಚೀಲ ಜೊತೆಗಿರಲಿ, ತಪ್ಪೇನಿಲ್ಲ.

ಸಿನಿಮಾ ನೋಡಲು ಹೋದಾಗ ನಾನು ಯಾವಾಗಲೂ ಬಾಗಿಲ ಪಕ್ಕದ ತುದಿ ಸೀಟೇ ಹಿಡಿಯುತ್ತಿದ್ದೆ. ಒಂದು ಸಲ ಬೇಕೆಂದೇ ಸಾಲಿನ ನಡುವೆ ಕೂತೆ. ಮೊದಲ ಇಪ್ಪತ್ತು ನಿಮಿಷ ಪರದೆಯ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ, ಅಂಗೈ ಒದ್ದೆಯಾಗಿತ್ತು, ಎಷ್ಟು ಮೊಣಕಾಲು ದಾಟಿ ಹೊರಗೆ ಹೋಗಬೇಕು ಅಂತ ಎಣಿಸಿದ್ದೆ, ಒಂಬತ್ತು. ಇಂಟರ್ವಲ್‌ಗೆ ಲೈಟ್ ಹತ್ತಿದಾಗ ಎಣಿಸುವುದನ್ನು ಯಾವಾಗ ಬಿಟ್ಟೆ ಅಂತ ನೆನಪಿರಲಿಲ್ಲ.

7. ಒಬ್ಬರಿಗಾದರೂ ಹೇಳಿ

ಸುಳ್ಳು ತಲೆನೋವುಗಳ ಲೆಕ್ಕ ಇಡುವುದೇ ಒಂದು ಭಾರ. ಎಲ್ಲರಿಗೂ ಎಲ್ಲಾ ಹೇಳಬೇಕಾಗಿಲ್ಲ. ಕೆಲಸದ ಕಡೆ ಇಷ್ಟು ಸಾಕು: ‘ಸರ್, ನನಗೆ ಕರುಳಿನ ಒಂದು ಹಳೆಯ ತೊಂದರೆ ಇದೆ. ಕೆಲವೊಮ್ಮೆ ಮಧ್ಯೆ ಎದ್ದು ಹೋಗಬೇಕಾಗುತ್ತದೆ, ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ.’ ಆಪ್ತರಿಗಾದರೆ ಏನು ಬೇಕು ಅಂತಲೂ ಹೇಳಿ: ‘ನಾನು ಕೊನೇ ಗಳಿಗೆಯಲ್ಲಿ ಬರಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡ ಕಣೇ, ಆದ್ರೆ ಮುಂದಿನ ಸಲನೂ ಕರಿ.’ ನನಗೆ ಆ ಎರಡನೇ ಅರ್ಧ ಹೇಳುವ ಧೈರ್ಯ ಬರಲು ತುಂಬಾ ಕಾಲ ಬೇಕಾಯಿತು.

8. ತಟ್ಟೆಯನ್ನು ಖಾಲಿ ಮಾಡುತ್ತಾ ಹೋಗಬೇಡಿ

ಹೆದರಿಕೆಯಿಂದ ಒಂದೊಂದೇ ಪದಾರ್ಥ ಬಿಡುತ್ತಾ ಬಂದು ಕೊನೆಗೆ ಎರಡು ಮೂರಕ್ಕೆ ನಿಲ್ಲುವವರಿದ್ದಾರೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುವ ಕೆಲವು ಪದಾರ್ಥಗಳನ್ನು ಬಿಡುವ ಲೋ ಫಾಡ್‌ಮ್ಯಾಪ್ ಪಥ್ಯದಲ್ಲೂ ಬಿಡುವ ಹಂತ ಬರೀ 2ರಿಂದ 6 ವಾರ, ಆಮೇಲೆ ಒಂದೊಂದಾಗಿ ವಾಪಸ್ ತರಲೇಬೇಕು. ಅದನ್ನು ಆಹಾರ ತಜ್ಞರ ಜೊತೆ ಸೇರಿಯೇ ಮಾಡಿ. ಊಟದ ಹೊತ್ತು ಬಂತೆಂದರೆ ಭಯವಾಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ.

9. ಮನಸ್ಸಿನ ಚಿಕಿತ್ಸೆ ಅಂದರೆ ಮುಖ ತಿರುಗಿಸಬೇಡಿ

ಕರುಳಿಗೆಂದೇ ರೂಪಿಸಿದ ಹಿಪ್ನೋಥೆರಪಿಯಿಂದ, ಅಂದರೆ ಮನಸ್ಸನ್ನು ಆಳವಾದ ವಿಶ್ರಾಂತಿಗೆ ಒಯ್ದು ಸೂಚನೆ ಕೊಡುವ ಚಿಕಿತ್ಸೆಯಿಂದ, ತೀವ್ರ ಐಬಿಎಸ್ ಇದ್ದವರಿಗೂ ಗುಣ ಕಂಡದ್ದನ್ನು ಮ್ಯಾಂಚೆಸ್ಟರ್‌ನ ವೈದ್ಯ ಪೀಟರ್ ವೋರ್ವೆಲ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು. ಯೋಚಿಸುವ, ನಡೆದುಕೊಳ್ಳುವ ರೀತಿಯನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆ ಫೋನ್ ಮೂಲಕ ಕೊಟ್ಟರೂ ಕೆಲಸ ಮಾಡುತ್ತದೆ ಅಂತ 2019ರ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಕಂಡುಬಂತು. ನಾನು ಮೇಲೆ ಹೇಳಿದ ಎರಡು ಕಾಲಂ, ಮೆಟ್ಟಿಲು ಎಲ್ಲಾ ಸಿಬಿಟಿಯ ದಾರಿಯವೇ. ವೈದ್ಯರು ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ ಬರೆದರೆ ‘ನನ್ನನ್ನು ಹುಚ್ಚಿ ಅಂದುಕೊಂಡರು’ ಅಂತ ಚೀಟಿ ಹರಿಯಬೇಡಿ. ಐಬಿಎಸ್‌ಗೆ ಕೊಡುವುದು 10ರಿಂದ 30 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣ, ಖಿನ್ನತೆಗೆ ಕೊಡುವುದಕ್ಕಿಂತ ತೀರಾ ಕಮ್ಮಿ. ಅದು ಕರುಳಿನ ನೋವಿನ ಸುದ್ದಿಯನ್ನು ತಗ್ಗಿಸುವುದಕ್ಕೆ. ನೀವಾಗಿಯೇ ಶುರು ಮಾಡುವುದೂ ಬೇಡ, ನೀವಾಗಿಯೇ ನಿಲ್ಲಿಸುವುದೂ ಬೇಡ.

ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಸುಮ್ನೆ ಸುಮ್ನೆ ಅಳು ಬರುತ್ತದೆ ಅಂದರೆ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಹತ್ತಿರದವರಿಗೆ ಹೇಳಿ, ಆವತ್ತೇ ಆಸ್ಪತ್ರೆಗೆ ಹೋಗಿ.

10. ಇದು ಮನೆಯವರು ಓದಲಿ

ಟಾಯ್ಲೆಟ್ ಬಾಗಿಲು ತಟ್ಟಬೇಡಿ. ‘ಮತ್ತೇನು ತಿಂದೆ?’ ಅಂತ ಕೇಳಬೇಡಿ. ಊಟದ ಮುಂದೆ ಅವರ ಹೊಟ್ಟೆಯ ವಿಷಯ ಎತ್ತಬೇಡಿ. ಹೊರಡುವ ಸಮಯವನ್ನು ಅರ್ಧ ಗಂಟೆ ಸಡಿಲವಾಗಿ ಇಟ್ಟುಕೊಳ್ಳಿ. ಈಗ ನಾನು ಮೂರನೇ ಸಲ ಒಳಗೆ ಹೋದರೆ ನನ್ನ ಗಂಡ ತಮ್ಮ ಶೂಗಳನ್ನೂ ಬಿಚ್ಚಿಟ್ಟು ಪೇಪರ್ ಹಿಡಿದು ಕೂರುತ್ತಾರೆ. ಪುಟ ತಿರುಗಿಸುವ ಸದ್ದು ಒಳಗೆ ಕೇಳಿಸುತ್ತದೆ. ನಾಲ್ಕನೇ ಸಲ ಹೋಗಬೇಕಾಗಿ ಬಂದದ್ದು ತುಂಬಾ ಕಡಿಮೆ.