ಕಾಲಮ್ ಹೆಸರು ಬದಲಾದರೆ ಮಾಡೆಲ್ ಮುಟ್ಟಬೇಡಿ

ಮೂಲ ಶೀಟಿನ ಕಾಲಮ್ ಹೆಸರು ಬದಲಾಗಿ ಪವರ್ ಬಿಐ (ಮೈಕ್ರೋಸಾಫ್ಟಿನ ರಿಪೋರ್ಟ್ ಮಾಡುವ ಸಾಫ್ಟ್‌ವೇರ್) ರಿಫ್ರೆಶ್ ನಿಂತಿದೆಯಾ? ಅದರಲ್ಲಿ ಡೇಟಾ ತಂದು ಸರಿಮಾಡುವ ಭಾಗವಾದ ಪವರ್ ಕ್ವೆರಿಯಲ್ಲಿ, ಮೊದಲ ಸಾಲನ್ನು ಕಾಲಮ್ ಹೆಸರು ಮಾಡುವ ‘ಪ್ರಮೋಟೆಡ್ ಹೆಡರ್ಸ್’ ಸ್ಟೆಪ್ ಮೇಲೆ ಕ್ಲಿಕ್ ಮಾಡಿ, ಅಲ್ಲೇ ಹೊಸ ಹೆಸರನ್ನು ಹಳೆ ಹೆಸರಿಗೆ ರಿನೇಮ್ ಮಾಡಿ. ನಡುವೆ ಸ್ಟೆಪ್ ಸೇರಿಸಬೇಕಾ ಅಂತ ಕೇಳುತ್ತದೆ, ಇನ್ಸರ್ಟ್ ಕೊಡಿ. ಮುಂದಿನ ‘ಚೇಂಜ್ಡ್ ಟೈಪ್’ ಸ್ಟೆಪ್ (ಅಂಕಿಯೋ ಅಕ್ಷರವೋ ಅಂತ ಗೊತ್ತುಮಾಡುವುದು) ಕಾಲಮನ್ನು ಹುಡುಕುವುದು ಹೆಸರು ಹಿಡಿದು. ಹಳೆ ಹೆಸರು ಸಿಕ್ಕಿದರೆ ಅದೂ, ಮಾಡೆಲ್‌ನಲ್ಲಿ ಟೇಬಲ್‌ಗಳನ್ನು ಜೋಡಿಸುವ ರಿಲೇಶನ್‌ಶಿಪ್, ಲೆಕ್ಕದ ಫಾರ್ಮುಲಾಗಳಾದ ಮೆಷರ್‌ಗಳೂ ಮೊದಲಿನ ಹಾಗೇ ನಡೆಯುತ್ತವೆ. ನಮ್ಮ ಕಾಸರಗೋಡಿನಲ್ಲಿ ಇದು ಜಾಸ್ತಿ ಬೇಕಾಗುತ್ತದೆ, ಅಲ್ವಾ? ಅಡಿಕೆ ಲೆಕ್ಕದ ಶೀಟಿನಲ್ಲಿ ಒಂದು ತಿಂಗಳು ‘ತೂಕ’, ಮುಂದಿನ ತಿಂಗಳು ಬೇರೆಯವರು ಟೈಪ್ ಮಾಡಿದರೆ ಮಲಯಾಳದ ‘ತೂಕ್ಕಂ’! ಹೀಗೆ ಹಳೆ ಶೀಟು, ಹೊಸ ಶೀಟು ಎರಡೂ ಬರುತ್ತಾ ಇದ್ದರೆ, ರಿನೇಮ್ ಫಾರ್ಮುಲಾದ ಕೊನೆಯ ಬ್ರಾಕೆಟ್ ಮುಚ್ಚುವ ಮೊದಲು ಕಾಮಾ ಹಾಕಿ ‘ಮಿಸ್ಸಿಂಗ್‌ಫೀಲ್ಡ್ ಡಾಟ್ ಇಗ್ನೋರ್’ ಅಂತ ಇಂಗ್ಲಿಷಿನಲ್ಲಿ ಸೇರಿಸಿ. ಎಮ್, ಎಫ್, ಐ ಮೂರೂ ದೊಡ್ಡಕ್ಷರ, ಡಾಟ್ ಅಂದರೆ ಬರೀ ಚುಕ್ಕಿ. ಆಗ ರಿನೇಮ್ ಮಾಡಬೇಕಾದ ಕಾಲಮ್ ಇಲ್ಲದಿದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಕಾಲಮ್ಮನ್ನೇ ತೆಗೆದಿದ್ದರೆ, ಅಥವಾ ಒಂದನ್ನು ಒಡೆದು ‘ಹೊಸತು’, ‘ಹಳತು’ ಅಡಿಕೆ ಅಂತ ಎರಡು ಮಾಡಿದ್ದರೆ ಈ ಉಪಾಯ ನಡೆಯುವುದಿಲ್ಲ. ಹೆಸರು ಅದೇ ಇದ್ದು ಕ್ವಿಂಟಾಲ್ ಹೋಗಿ ಕಿಲೋ ಆಗಿದ್ದರಂತೂ ಎರರೇ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ) ಫೈಲಿನಲ್ಲಿ ಕೊನೆಗೆ ಸೇರಿಸಿದ ಹೊಸ ಕಾಲಮ್ ಕಾಣದಿದ್ದರೆ ‘ಸೋರ್ಸ್’ ಸ್ಟೆಪ್ ನೋಡಿ. ಅಲ್ಲಿ ‘ಕಾಲಮ್ಸ್=5’ ಅಂತ ಹಳೆ ಲೆಕ್ಕ ಕೂತಿರುತ್ತದೆ, ಅಷ್ಟನ್ನು ಕಾಮಾ ಸಮೇತ ಅಳಿಸಿ.